ಎಲ್ವಿಸ್ ಬದುಕಿದ್ದಾನಂತೆ!

ಅಮೆರಿಕದ ಮೆಂಫಿಸ್ ನಗರದಲ್ಲಿ ಗ್ರೇಸ್‌ಲ್ಯಾಂಡ್ ಎಂಬ ಬಂಗಲೆಯಿದೆ. ಅದರ ಪಕ್ಕದ ತೋಟದಲ್ಲಿ ರಾಕ್ ಅಂಡ್ ರೋಲ್ ದೊರೆ ಎಲ್ವಿಸ್ ಪ್ರೀಸ್ಲಿಯ ಸಮಾಧಿ. ಫಲಕದ ಮೇಲೆ ಅವನ ಪೂರ್ಣ ಹೆಸರು ಕೆತ್ತಿದ್ದಾರೆ: ಎಲ್ವಿಸ್ ಆರನ್ ಪ್ರೀಸ್ಲಿ. ಇಂಗ್ಲಿಷಿನಲ್ಲಿ ಬರೆದಿರುವ ಆ 'ಆರನ್' ಶುರುವಾಗುವುದು ಎರಡು 'ಎ'ಗಳಿಂದ. ಅಪ್ಪ ಅಮ್ಮ ಅವನಿಗೆ ಇಟ್ಟ ಹೆಸರಿನಲ್ಲಿ ಇದ್ದುದು ಒಂದೇ 'ಎ'.

ಈ ಒಂದು ಅಕ್ಷರವನ್ನು ಹಿಡಿದುಕೊಂಡು ಸುಮಾರು ಐವತ್ತು ವರ್ಷಗಳಿಂದ ವಾದ ನಡೆಯುತ್ತಿದೆ. ಇಷ್ಟು ದೊಡ್ಡ ಮನುಷ್ಯನ ಸಮಾಧಿಯ ಮೇಲೆ ಮನೆಯವರೇ ಹೆಸರು ತಪ್ಪು ಬರೆಸುತ್ತಾರೆಯೇ? ಬದುಕಿರುವವನ ಹೆಸರನ್ನು ಸಮಾಧಿ ಕಲ್ಲಿನ ಮೇಲೆ ಬರೆಸುವುದು ಅಪಶಕುನ, ಅದಕ್ಕೇ ಬೇಕೆಂದು ಒಂದಕ್ಷರ ಬದಲಿಸಿದ್ದಾರೆ. ಅಂದರೆ ಕೆಳಗೆ ಮಲಗಿರುವುದು ಎಲ್ವಿಸ್ ಅಲ್ಲ! ಅಸಲಿ ವಿಷಯ ಇಷ್ಟೇ: ಬೈಬಲ್ಲಿನಲ್ಲಿ ಬರುವ ಆರನ್ ಹೆಸರಿಗೆ ಎರಡು 'ಎ' ಇವೆ, ದೊಡ್ಡವನಾದ ಮೇಲೆ ಎಲ್ವಿಸ್‌ಗೂ ಹಾಗೇ ಬರೆಯಬೇಕೆಂಬ ಮನಸ್ಸಿತ್ತು, ಅಪ್ಪ ವರ್ನನ್ ಅದೇ ರೀತಿ ಕೆತ್ತಿಸಿದರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಸ್ಪೆಲ್ಲಿಂಗ್, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಇರುವವರೆಲ್ಲ ಈ ಲೆಕ್ಕದಲ್ಲಿ ಇಬ್ಬಿಬ್ಬರು ಮನುಷ್ಯರಾಗಬೇಕು.

ನಗು ಬರುವುದು ಸಹಜ. ಆದರೆ ಸತ್ತ ಸಂಗೀತಗಾರ ಸತ್ತಿಲ್ಲ ಎಂಬ ಕಥೆ ಎಲ್ವಿಸ್ ಒಬ್ಬನಿಗೇ ಅಂಟಿದ್ದಲ್ಲ. ಜಿಮ್ ಮಾರಿಸನ್, ಟುಪಾಕ್ ಶಕೂರ್, ಮೈಕೆಲ್ ಜಾಕ್ಸನ್, ಎಲ್ಲರ ಹಿಂದೆಯೂ ಇದು ಬಿದ್ದಿದೆ. ದನಿಯನ್ನು ಕಂಪ್ಯೂಟರೇ ಹುಟ್ಟಿಸುತ್ತಿರುವ ಈ ಕಾಲದಲ್ಲಿ ಅದು ನಮ್ಮ ಗಾಯಕರ ಮನೆ ಬಾಗಿಲಿಗೂ ಬರಬಹುದು. ಹಾಗಾಗಿ ಇದು ಹುಟ್ಟುವ, ಬೆಳೆಯುವ ರೀತಿಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಆ ದಿನ ನಡೆದದ್ದು

1977ರ ಆಗಸ್ಟ್ 16ರ ಮಧ್ಯಾಹ್ನ ಗ್ರೇಸ್‌ಲ್ಯಾಂಡ್‌ನ ಬಚ್ಚಲುಮನೆಯಲ್ಲಿ ಎಲ್ವಿಸ್ ಬಿದ್ದಿದ್ದ. ಅವನನ್ನು ಮೊದಲು ನೋಡಿದ್ದು ಅವನು ಮದುವೆಯಾಗಬೇಕಿದ್ದ ಹುಡುಗಿ. ಆಸ್ಪತ್ರೆಗೆ ಸಾಗಿಸಿದರು, ಮೂರೂವರೆಗೆ ವೈದ್ಯರು ಮರಣ ಘೋಷಿಸಿದರು. ವಯಸ್ಸು 42. ಮರುದಿನ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು ಜನರಿಗೆ ಮುಖ ನೋಡಲು ಬಿಟ್ಟರು. ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಪೆಟ್ಟಿಗೆಯಲ್ಲಿ ಮಲಗಿದ ಎಲ್ವಿಸ್‌ನ ಫೋಟೊ ಒಂದು ವಾರಪತ್ರಿಕೆಯ ಮುಖಪುಟದಲ್ಲೂ ಬಂತು. ಆಗಸ್ಟ್ 18ರಂದು ಊರ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆಯಿತು. ತಿಂಗಳು ಮುಗಿಯುವ ಮೊದಲೇ ಶವ ಕದಿಯಲು ಬಂದರೆಂದು ಕೆಲವರನ್ನು ಪೊಲೀಸರು ಹಿಡಿದರು. ಗಾಬರಿಬಿದ್ದ ಅಪ್ಪ ಅನುಮತಿ ಪಡೆದು ಅಕ್ಟೋಬರ್‌ನಲ್ಲಿ ಮಗನನ್ನೂ, ಅವನಿಗಿಂತ ಮೊದಲೇ ತೀರಿಕೊಂಡಿದ್ದ ಹೆಂಡತಿಯನ್ನೂ ಮನೆಯ ತೋಟಕ್ಕೆ ತಂದರು.

ಸಾವಿಗೆ ಹೃದಯ ಬಡಿತದ ಏರುಪೇರು ಕಾರಣ ಎಂದು ಸರ್ಕಾರಿ ವೈದ್ಯಾಧಿಕಾರಿ ಹೇಳಿದರು. ಆದರೆ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ದೇಹದಲ್ಲಿ ಹಲವು ಬಗೆಯ ಔಷಧಗಳು ಒಟ್ಟಿಗೆ ಸಿಕ್ಕವು. ಕುಟುಂಬದವರು ಮಾಡಿಸಿದ ಶವಪರೀಕ್ಷೆಯ ವರದಿ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಅಂತೆಕಂತೆಗಳಿಗೆ ಬೇಕಾದದ್ದೂ ಇಷ್ಟೇ, ಒಂದು ಮುಚ್ಚಿದ ಲಕೋಟೆ.

ಅಂತೆಗಳ ಸಂತೆ

ಆಮೇಲೆ ಒಂದೊಂದೇ ಸೇರಿಕೊಂಡವು. ಪೆಟ್ಟಿಗೆಯಲ್ಲಿದ್ದುದು ಮೇಣದ ಗೊಂಬೆಯಂತೆ. ಪೆಟ್ಟಿಗೆ ಅಷ್ಟು ಭಾರವಿದ್ದುದು ಒಳಗೆ ಮೇಣ ಕರಗದಂತೆ ತಣ್ಣಗಿಡುವ ಯಂತ್ರವಿದ್ದುದರಿಂದಂತೆ. (ಅದು ತಾಮ್ರದ ಪೆಟ್ಟಿಗೆ, ಭಾರವಿರದೆ ಹೇಗೆ?) ಸತ್ತ ದಿನವೇ ಜಾನ್ ಬರೋಸ್ ಎಂಬ ಹೆಸರಿನ ಒಬ್ಬ ಮೆಂಫಿಸ್ ವಿಮಾನ ನಿಲ್ದಾಣದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಟಿಕೆಟ್ ಕೊಂಡನಂತೆ. ಈ ಕೊನೆಯದು ಜಾಣತನದ ಕಥೆ. ಏಕೆಂದರೆ ಹೋಟೆಲುಗಳಲ್ಲಿ ಗುರುತು ಮರೆಸಲು ಎಲ್ವಿಸ್ ಆ ಹೆಸರನ್ನು ಬಳಸುತ್ತಿದ್ದುದು ನಿಜ. 1970ರಲ್ಲಿ ಅಧ್ಯಕ್ಷ ನಿಕ್ಸನ್‌ಗೆ ಬರೆದ ಪತ್ರದಲ್ಲಿ ಅವನೇ ಅದನ್ನು ಹೇಳಿಕೊಂಡಿದ್ದಾನೆ. ಆದರೆ ಆ ಕಾಲದಲ್ಲಿ ಮೆಂಫಿಸ್‌ನಿಂದ ಬ್ಯೂನಸ್ ಐರಿಸ್‌ಗೆ ನೇರ ವಿಮಾನವೇ ಇರಲಿಲ್ಲ. ಚಿಟಿಕೆಯಷ್ಟು ನಿಜ ಬೆರೆತ ಸುಳ್ಳಿಗೆ ಆಯುಷ್ಯ ಜಾಸ್ತಿ.

1988ರಲ್ಲಿ ಈ ವ್ಯಾಪಾರ ಜೋರಾಯಿತು. ಎಲ್ವಿಸ್ ಬದುಕಿದ್ದಾನೆಯೇ ಎಂದು ಕೇಳುವ ಪುಸ್ತಕವೊಂದು ಕ್ಯಾಸೆಟ್ ಸಮೇತ ಮಾರುಕಟ್ಟೆಗೆ ಬಂತು. ಕ್ಯಾಸೆಟ್ಟಿನಲ್ಲಿರುವುದು ಸತ್ತ ಮೇಲೆ ಎಲ್ವಿಸ್ ಆಡಿದ ಮಾತು ಎನ್ನುವುದು ಅದರ ಆಕರ್ಷಣೆ. ಅದೇ ವರ್ಷ ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದ ಆಸುಪಾಸಿನಲ್ಲಿ ಎಲ್ವಿಸ್‌ನನ್ನು ಕಂಡೆವು ಎಂದು ಜನ ಹೇಳತೊಡಗಿದರು. ಟ್ಯಾಬ್ಲಾಯ್ಡ್‌ಗಳಿಗೆ ಹಬ್ಬ. ಪ್ರಪಂಚವನ್ನೇ ನಂಬಿಸಿ ಮಾಯವಾದ ಮನುಷ್ಯ ಬರ್ಗರ್ ಅಂಗಡಿಯಲ್ಲಿ ಸಿಕ್ಕಿಬೀಳುತ್ತಾನೆ ಎಂದರೆ ನಂಬುವವರಿದ್ದರು. ಈಗಲೂ ಅರ್ಕನ್ಸಾ ರಾಜ್ಯದ ಒಬ್ಬ ಪಾದ್ರಿಯ ದನಿ ಕೇಳಿ, ಇವರೇ ಎಲ್ವಿಸ್ ಎನ್ನುವವರಿದ್ದಾರೆ. ಅಲ್ಲ ಮಾರಾಯರೇ ಎಂದು ಆ ಪಾದ್ರಿಯೇ ಹೇಳಿದರೂ ಕೇಳುವವರಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಜಿಮ್ಮಿ ಎಲ್ಲಿಸ್ ಎಂಬ ಗಾಯಕನ ಕಥೆ. ಹುಟ್ಟಿನಿಂದಲೇ ಅವನ ದನಿ ಎಲ್ವಿಸ್‌ನಂತಿತ್ತು. ಎಲ್ವಿಸ್‌ಗೆ ಮೊದಲ ಅವಕಾಶ ಕೊಟ್ಟ ಸನ್ ರೆಕಾರ್ಡ್ಸ್ ಸಂಸ್ಥೆ ಆ ಹೊತ್ತಿಗೆ ಬೇರೆಯವರ ಕೈಗೆ ಹೋಗಿತ್ತು. ಅವರು ಎಲ್ಲಿಸ್‌ನ ಮುಖಕ್ಕೆ ಮುಖವಾಡ ಹಾಕಿ, ಸಾವಿನ ನಾಟಕವಾಡುವ ಗಾಯಕನ ಕುರಿತ ಒಂದು ಕಾದಂಬರಿಯಿಂದ ಓರಿಯನ್ ಎಂಬ ಹೆಸರನ್ನು ತೆಗೆದು ಇಟ್ಟು, 1979ರಲ್ಲಿ ವೇದಿಕೆಗೆ ಬಿಟ್ಟರು. ಜನ ಮುಗಿಬಿದ್ದರು, ಆದರೆ ಎಲ್ಲಿಸ್‌ಗಾಗಿ ಅಲ್ಲ. ಒಂದು ದಿನ ಬೇಸತ್ತು ಅವನು ವೇದಿಕೆಯಲ್ಲೇ ಮುಖವಾಡ ಕಿತ್ತೆಸೆದ. ಸ್ವಂತ ಮುಖಕ್ಕೆ ಆ ಮಟ್ಟದ ಕೀರ್ತಿ ಬರಲೇ ಇಲ್ಲ. 1998ರಲ್ಲಿ ಅಲಬಾಮಾದ ತನ್ನ ಅಂಗಡಿಯಲ್ಲಿ ದರೋಡೆಕೋರರ ಗುಂಡಿಗೆ ಬಲಿಯಾದ. ಸತ್ತವನನ್ನು ಬದುಕಿಸುವ ಆಟದಲ್ಲಿ ಬದುಕಿದ್ದ ಒಬ್ಬ ಗಾಯಕ ಹೀಗೆ ಮರೆಯಾದ.

ಯಾವಾಗಲೂ ಪಾಸಾಗುವ ಪರೀಕ್ಷೆ

ಇದೇ ಕಥೆಯ ತಿರುಗುಮುರುಗು ಪ್ರತಿಯೂ ಇದೆ. 1969ರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಸತ್ತೇಹೋಗಿದ್ದಾನೆ, ಈಗಿರುವುದು ಅವನ ತದ್ರೂಪಿ ಎಂಬ ಗುಲ್ಲು ಎದ್ದಿತು. ಅಬ್ಬೆ ರೋಡ್ ಆಲ್ಬಮ್ಮಿನ ಮುಖಪುಟದಲ್ಲಿ ಪಾಲ್ ಬರಿಗಾಲಲ್ಲಿದ್ದಾನೆ, ಹೆಣಕ್ಕೆ ತಾನೇ ಚಪ್ಪಲಿ ಇರುವುದಿಲ್ಲ! ಲೈಫ್ ಪತ್ರಿಕೆಯವರು ಸ್ಕಾಟ್ಲೆಂಡಿನ ಅವನ ತೋಟಕ್ಕೇ ಹೋಗಿ ಮಾತಾಡಿಸಿ, ಅದೇ ನವೆಂಬರ್‌ನಲ್ಲಿ ಮುಖಪುಟದಲ್ಲಿ ಪ್ರಕಟಿಸಿದರು. ನಂಬಿದವರ ಉತ್ತರ ಏನು ಗೊತ್ತೆ? ಮಾತಾಡಿದ್ದು ಆ ತದ್ರೂಪಿಯೇ.

ಎಲ್ವಿಸ್‌ನ ವಿಷಯದಲ್ಲಿ ಹೆಣ ನೋಡಿದವರಿದ್ದಾರೆ, ಆದರೂ ಅವನು ಬದುಕಿದ್ದಾನೆ. ಪಾಲ್ ವಿಷಯದಲ್ಲಿ ಮನುಷ್ಯನೇ ಎದುರಿಗೆ ನಿಂತಿದ್ದಾನೆ, ಆದರೂ ಅವನು ಸತ್ತಿದ್ದಾನೆ. ನಾವು ಸಾಫ್ಟ್‌ವೇರಿನವರು ಪ್ರೋಗ್ರಾಮ್ ಬರೆದರೆ ಜೊತೆಗೆ ಟೆಸ್ಟ್ ಕೇಸನ್ನೂ ಬರೆಯುತ್ತೇವೆ. ಕೋಡ್ ಸರಿಯಿದ್ದರೂ ಪಾಸ್, ಕೆಟ್ಟಿದ್ದರೂ ಪಾಸ್ ಎನ್ನುವ ಟೆಸ್ಟ್ ಕೇಸನ್ನು ಯಾರಾದರೂ ಬರೆದು ತಂದರೆ ಟೀಮ್ ಲೀಡ್ ಹಿಂದಕ್ಕೆ ಕಳಿಸುತ್ತಾರೆ. ಫೇಲಾಗುವ ಸಾಧ್ಯತೆಯೇ ಇಲ್ಲದ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಒಂದು ನಂಬಿಕೆಯನ್ನು ಎದುರಿಗಿಟ್ಟುಕೊಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಏನು ಸಿಕ್ಕರೆ ನೀವು ಇದನ್ನು ಬಿಡುತ್ತೀರಿ? ಯಾವುದು ಸಿಕ್ಕರೂ ಇಲ್ಲ ಎಂದಾದರೆ ಸಾಕ್ಷಿಯ ಮಾತು ಅಲ್ಲಿಗೆ ಮುಗಿಯಿತು.

ಈ ಪ್ರಶ್ನೆ ನಂಬುವವರಿಗೆ ಮಾತ್ರವಲ್ಲ, ನಗುವವರಿಗೂ ಅನ್ವಯಿಸುತ್ತದೆ. 2012ರಲ್ಲಿ ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸ್ವಾರಸ್ಯದ ಅಧ್ಯಯನ ಪ್ರಕಟಿಸಿದರು. ರಾಜಕುಮಾರಿ ಡಯಾನಾ ಸಾವಿನ ನಾಟಕವಾಡಿದರು ಎಂಬುದಕ್ಕೆ ಹೆಚ್ಚು ಒಲವು ತೋರಿದವರೇ, ಆಕೆಯನ್ನು ಕೊಲ್ಲಲಾಯಿತು ಎಂಬುದಕ್ಕೂ ಹೆಚ್ಚು ಒಲವು ತೋರಿದರು ಎಂಬುದು ಅದರ ಸಾರ. ಸತ್ತೂ ಇದ್ದಾಳೆ, ಬದುಕಿಯೂ ಇದ್ದಾಳೆ ಎನ್ನುವ ಪೆದ್ದರು ಎಂದು ಎಲ್ಲರೂ ಅದನ್ನು ಚಪ್ಪರಿಸಿ ಉದ್ಧರಿಸಿದರು. ಹತ್ತು ವರ್ಷ ಕಳೆದ ಮೇಲೆ, 2023ರಲ್ಲಿ ಬೇರೆ ಸಂಶೋಧಕರು ಅದನ್ನು ಮತ್ತೆ ಕೆದಕಿದರು. ಎರಡೂ ಸುಳ್ಳು ಎಂದವರ ಸಂಖ್ಯೆಯೇ ದೊಡ್ಡದಾಗಿದ್ದರಿಂದ ಅಂಕಿಅಂಶಗಳಲ್ಲಿ ಆ ಸಂಬಂಧ ಕಾಣುತ್ತಿತ್ತು. ಎರಡನ್ನೂ ಒಟ್ಟಿಗೆ ನಿಜವೆಂದು ನಂಬುವವರು ಅಪರೂಪ. ಅಂದರೆ ಪಿತೂರಿ ಕಥೆ ನಂಬುವವರ ಬಗ್ಗೆ ಬುದ್ಧಿವಂತರಲ್ಲೂ ಒಂದು ಅಂತೆಕಂತೆ ಹಬ್ಬಿತ್ತು. ಅವರು ಪೆದ್ದರಲ್ಲ. ಹಾಗಾದರೆ ಏಕೆ ನಂಬುತ್ತಾರೆ?

ಮುಖ ನೋಡದ ಸಾವು

ದ ಡೋರ್ಸ್ ತಂಡದ ಹಾಡುಗಾರ ಜಿಮ್ ಮಾರಿಸನ್ 1971ರ ಜುಲೈ 3ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವನಿಗೆ 27 ವರ್ಷ. ಅಪರಾಧದ ಶಂಕೆ ಇಲ್ಲವೆಂದು ಶವಪರೀಕ್ಷೆ ಮಾಡಲಿಲ್ಲ. ತಂಡದ ಮ್ಯಾನೇಜರ್ ಅಮೆರಿಕದಿಂದ ಹೋಗುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿ ಮುದ್ರೆ ಹಾಕಿಯಾಗಿತ್ತು. ಬೆರಳೆಣಿಕೆಯಷ್ಟು ಜನರೆದುರು ಪೇರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಜಗತ್ತಿಗೆ ಸುದ್ದಿ ತಿಳಿದದ್ದು ಆಮೇಲೆ. ತಂಡದ ಗೆಳೆಯರಾಗಲೀ ಅಭಿಮಾನಿಗಳಾಗಲೀ ಅವನ ಮುಖ ನೋಡಲಿಲ್ಲ. ಅವನು ಎಲ್ಲೋ ಇದ್ದಾನೆ ಎಂಬ ಮಾತು ಹುಟ್ಟಿದ್ದು ಆ ಮುಚ್ಚಿದ ಪೆಟ್ಟಿಗೆಯಿಂದ.

ನಮ್ಮ ಕಡೆ ಸಾವಿನ ಸುದ್ದಿ ಬಂದರೆ ಎಷ್ಟೇ ದೂರವಿದ್ದರೂ ಕೇಳುವ ಮೊದಲ ಮಾತು, ಮುಖ ನೋಡೋಕೆ ಸಿಗುತ್ತಾ? ಮಗ ಮುಂಬೈಯಿಂದ ಬರಬೇಕು, ಸ್ವಲ್ಪ ತಡೆಯಿರಿ ಎಂದು ಹಿರಿಯರು ಐಸ್ ಪೆಟ್ಟಿಗೆ ತರಿಸಿ ಕಾಯುತ್ತಾರೆ. ಇದು ಬರೀ ಶಾಸ್ತ್ರವಲ್ಲ ಎಂದು ನನಗೆ ಗೊತ್ತಾದದ್ದು 2021ರ ಮೇ ತಿಂಗಳಲ್ಲಿ. ದಾವಣಗೆರೆಯ ಹತ್ತಿರದ ನಮ್ಮೂರಲ್ಲಿ ಸೋದರಮಾವ ಕೋವಿಡ್‌ನಿಂದ ತೀರಿಕೊಂಡರು. ನಾನಿದ್ದದ್ದು ಪುಣೆಯ ಬಾಡಿಗೆ ಮನೆಯಲ್ಲಿ. ರಾಜ್ಯದ ಗಡಿ ದಾಟುವುದು ಕಷ್ಟವಿತ್ತು, ದಾಟಿದರೂ ಹತ್ತಿರ ಬಿಡುತ್ತಿರಲಿಲ್ಲ. ಅಂತ್ಯಕ್ರಿಯೆ ನೋಡಿದ್ದು ವಾಟ್ಸ್‌ಆ್ಯಪ್ ವಿಡಿಯೊದಲ್ಲಿ. ಪಿಪಿಇ ಕಿಟ್ ಹಾಕಿದ ನಾಲ್ವರು, ಬಿಳಿ ಚೀಲ, ನಡುನಡುವೆ ಕಡಿದುಹೋಗುವ ನೆಟ್‌ವರ್ಕ್. ಅದಾಗಿ ವರ್ಷ ಕಳೆದರೂ ಊರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಮಾವ ಪೇಪರ್ ಹಿಡಿದು ಕೂತಿರುತ್ತಾರೆ ಅನ್ನಿಸುತ್ತಿತ್ತು. ಅತ್ತೆಯ ಹತ್ತಿರ ಹೇಳಿದೆ. "ನೀನು ಮುಖ ನೋಡ್ಲಿಲ್ಲ ನೋಡಪ್ಪಾ, ಅದಕ್ಕೇ. ನಾನೂ ನೋಡ್ಲಿಲ್ಲ" ಅಂದರು.

ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ ಈ ಸ್ಥಿತಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಯೋಧರ ಕುಟುಂಬಗಳೊಂದಿಗೆ ಕೆಲಸ ಮಾಡಿ, ದೇಹ ಸಿಗದ, ಕೊನೆ ಕಾಣದ ಇಂಥ ದುಃಖಕ್ಕೆ ಅಸ್ಪಷ್ಟ ನಷ್ಟ ಎಂಬ ಅರ್ಥದ ಹೆಸರು ಕೊಟ್ಟರು. ನೇತಾಜಿ ಸುಭಾಷರ ವಿಷಯದಲ್ಲಿ ನಮ್ಮ ದೇಶ ಮೂರು ಬಾರಿ ತನಿಖೆ ಮಾಡಿಸಿದ್ದು ನೆನಪಿಸಿಕೊಳ್ಳಿ. 1945ರಲ್ಲಿ ದೂರದ ತೈಪೆಯಲ್ಲಿ ಆದ ವಿಮಾನ ಅಪಘಾತದ ನಂತರ ದೇಶದ ಜನ ಅವರ ಮುಖ ನೋಡಲಿಲ್ಲ. ಒಪ್ಪಿಕೊಳ್ಳಲಾಗದ ಮನಸ್ಸು ಸಾಧುಸನ್ಯಾಸಿಗಳಲ್ಲಿ ಅವರನ್ನು ಹುಡುಕಿತು. ನಂಬುವವರನ್ನು ಗೇಲಿ ಮಾಡುವ ಮೊದಲು ಇದನ್ನು ಅರ್ಥಮಾಡಿಕೊಳ್ಳಬೇಕು. ಅದು ಬಹಳ ಸಲ ದುಃಖ, ದಡ್ಡತನವಲ್ಲ.

ನಷ್ಟ ಯಾರಿಗೆ?

ಹಾಗೆಂದು ಇದು ಯಾರಿಗೂ ತೊಂದರೆ ಕೊಡದ ಮುಗ್ಧ ಕಲ್ಪನೆ ಎನ್ನಲೂ ಆಗದು. ಎಲ್ವಿಸ್ ಸತ್ತ ದಿನ ಅವನ ಮಗಳು ಲಿಸಾ ಮೇರಿ ಅದೇ ಮನೆಯಲ್ಲಿದ್ದಳು. ಒಂಬತ್ತು ವರ್ಷ. ಆಮೇಲಿನ ಜೀವನವನ್ನೆಲ್ಲ ಆಕೆ ಕಳೆದದ್ದು, ನಿಮ್ಮಪ್ಪ ಬದುಕಿದ್ದಾನೆ ಎಂದು ಅಪರಿಚಿತರು ಹೇಳುವ ದೇಶದಲ್ಲಿ. ಅಪ್ಪ ಬದುಕಿದ್ದೂ ಮಗಳನ್ನು ನೋಡಲು ಬರಲಿಲ್ಲ ಎಂಬ ಅರ್ಥ ಆ ಮಾತಿನೊಳಗೆ ಇದೆ ಎಂದು ಹೇಳಿದವರಿಗೆ ಹೊಳೆಯಲಿಲ್ಲ. 2023ರ ಜನವರಿಯಲ್ಲಿ 54ನೇ ವಯಸ್ಸಿನಲ್ಲಿ ಲಿಸಾ ತೀರಿಕೊಂಡರು. ಈಗ ಅವರೂ ಅದೇ ತೋಟದಲ್ಲಿದ್ದಾರೆ.

ಇನ್ನೊಂದು ನಷ್ಟ, ಕೇಳಬೇಕಾದ ಪ್ರಶ್ನೆಗಳು ಹಿಂದೆ ಸರಿಯುವುದು. ಎಲ್ವಿಸ್‌ನ ವೈದ್ಯ ಜಾರ್ಜ್ ನಿಕೊಪೊಲಸ್ 1977ರ ಮೊದಲ ಎಂಟು ತಿಂಗಳಲ್ಲೇ ಅವನ ಹೆಸರಿಗೆ 10,000ಕ್ಕೂ ಹೆಚ್ಚು ಡೋಸ್ ಔಷಧ ಬರೆದಿದ್ದರು. 1981ರಲ್ಲಿ ಕ್ರಿಮಿನಲ್ ಆರೋಪದಿಂದ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ವೈದ್ಯಕೀಯ ಮಂಡಳಿ 1990ರ ದಶಕದಲ್ಲಿ ಅವರ ಪರವಾನಗಿ ಕಿತ್ತುಕೊಂಡಿತು. ವೈದ್ಯರ ಚೀಟಿಯಿಂದಲೇ ಒಬ್ಬ ಮನುಷ್ಯ ಹೇಗೆ ಮುಳುಗಬಹುದು ಎಂಬ ದೊಡ್ಡ ಪಾಠ ಅಲ್ಲಿತ್ತು. ಬರ್ಗರ್ ಅಂಗಡಿಯ ಎಲ್ವಿಸ್ ಮುಂದೆ ಅದನ್ನು ಕೇಳುವವರು ಕಡಿಮೆ.

ರ‍್ಯಾಪ್ ಗಾಯಕ ಟುಪಾಕ್ ಶಕೂರ್ ಮೇಲೆ 1996ರ ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಗುಂಡಿನ ದಾಳಿ ನಡೆಯಿತು. ಆರು ದಿನದ ನಂತರ ಅವನು ಸತ್ತ. ವಯಸ್ಸು 25. ಎರಡು ತಿಂಗಳೊಳಗೆ ಮಕಾವೆಲಿ ಎಂಬ ಹೊಸ ಹೆಸರಿನಲ್ಲಿ ಅವನ ಆಲ್ಬಮ್ ಬಂದದ್ದೇ ಸಾಕಾಯಿತು, ಅವನು ಕ್ಯೂಬಾದಲ್ಲಿದ್ದಾನೆ ಎಂಬ ಮಾತು ಶುರುವಾಯಿತು. 2011ರಲ್ಲಿ ಹ್ಯಾಕರ್‌ಗಳು ಅಮೆರಿಕದ ಸಾರ್ವಜನಿಕ ಟೀವಿ ಜಾಲ ಪಿಬಿಎಸ್‌ನ ತಾಣಕ್ಕೆ ನುಗ್ಗಿ, ಟುಪಾಕ್ ನ್ಯೂಜಿಲೆಂಡಿನಲ್ಲಿ ಬದುಕಿದ್ದಾನೆ ಎಂಬ ಸುಳ್ಳು ಸುದ್ದಿಯನ್ನೇ ಹಾಕಿದ್ದರು. ಕೊಲೆಯ ಆರೋಪದ ಮೇಲೆ ಒಬ್ಬನ ಬಂಧನವಾದದ್ದು 2023ರ ಸೆಪ್ಟೆಂಬರ್‌ನಲ್ಲಿ, 27 ವರ್ಷಗಳ ನಂತರ. ಅವನು ಆರೋಪ ನಿರಾಕರಿಸಿದ್ದಾನೆ. ಅಷ್ಟೂ ವರ್ಷ ಒಂದು ಕೊಲೆ, ಒಗಟಿನ ಆಟವಾಗಿತ್ತು. ಕೊಲೆಯಾದವನೇ ಬದುಕಿದ್ದಾನೆ ಎಂದರೆ ಕೊಂದವನನ್ನು ಹುಡುಕುವ ಕೆಲಸವೇ ಇಲ್ಲವಲ್ಲ.

ಇನ್ನು ದನಿಯೇ ಸಾಕ್ಷಿ

ಓರಿಯನ್‌ಗೆ ಎಲ್ವಿಸ್‌ನಂಥ ಗಂಟಲು ಬೇಕಿತ್ತು. ಈಗ ಬೇಕಿಲ್ಲ. ಒಬ್ಬರ ಕೆಲವು ನಿಮಿಷಗಳ ಸ್ವಚ್ಛ ಧ್ವನಿಮುದ್ರಣ ಸಿಕ್ಕರೆ ಸಾಫ್ಟ್‌ವೇರ್ ಅದನ್ನು ಸಣ್ಣ ಸಣ್ಣ ತುಣುಕು ಮಾಡಿ, ಆ ಗಂಟಲಿನ ಬಣ್ಣ ಯಾವುದು, ಉಸಿರು ಎಲ್ಲಿ, ಯಾವ ಸ್ವರದಲ್ಲಿ ದನಿ ಹೇಗೆ ತೆಳುವಾಗುತ್ತದೆ ಎಂಬುದನ್ನೆಲ್ಲ ಅಂಕಿಗಳಾಗಿ ಕಲಿಯುತ್ತದೆ. ಆಮೇಲೆ ಯಾರೋ ಒಬ್ಬರು ಹಾಡಿದರೆ ರಾಗ, ತಾಳ ಅವರದು, ಗಂಟಲು ಮಾತ್ರ ಇವರದು. ಸಾವಿರಾರು ಹಾಡು ಹಾಡಿ ಹೋದವರ ದನಿಯೇ ಇದಕ್ಕೆ ಅತ್ಯಂತ ಸುಲಭದ ಸರಕು.

ಇದು ಆಗಲೇ ನಡೆದಿದೆ. 2024ರಲ್ಲಿ ಲಾಲ್ ಸಲಾಂ ತಮಿಳು ಚಿತ್ರದ ಹಾಡಿಗೆ ಎ.ಆರ್. ರೆಹಮಾನ್ ದಿವಂಗತರಾದ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟಿದ್ದಾಗಿ ಹೇಳಿದರು. ಅದೇ ವರ್ಷ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮಗ ಚರಣ್, ತಮ್ಮನ್ನು ಕೇಳದೆ ತಂದೆಯ ದನಿಯನ್ನು ಎಐನಲ್ಲಿ ಬಳಸಿದ್ದಾರೆಂದು ಒಂದು ತೆಲುಗು ಚಿತ್ರದ ತಂಡಕ್ಕೆ ಲೀಗಲ್ ನೋಟಿಸ್ ಕಳಿಸಿದರು. ಎದೆ ತುಂಬಿ ಹಾಡುವೆನು ನೋಡಿಕೊಂಡು ಬೆಳೆದ ನಮಗೆ ಎಸ್‌ಪಿಬಿ ದನಿ ಎಂದರೆ ಮನೆಯವರ ದನಿ. ನಾಳೆ ಅದೇ ದನಿಯಲ್ಲಿ "ನಾನು ಸತ್ತಿಲ್ಲ" ಎಂಬ ಆಡಿಯೊ ಊರಿನ ಫ್ಯಾಮಿಲಿ ಗ್ರೂಪಿಗೆ ಬಂದರೆ ನಮ್ಮ ತಾಯಂದಿರು ಏನು ಮಾಡಬೇಕು?

ಎಲ್ವಿಸ್‌ನ ಟೆನೆಸ್ಸಿ ರಾಜ್ಯವೇ 2024ರ ಮಾರ್ಚ್‌ನಲ್ಲಿ ದನಿಯ ಕಳ್ಳತನ ತಡೆಯುವ ಕಾನೂನು ತಂದಿತು. ಅದರ ಹ್ರಸ್ವನಾಮವೇ ಎಲ್ವಿಸ್ ಆ್ಯಕ್ಟ್. ನಮ್ಮಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐನಿಂದ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ 2024ರಲ್ಲಿ ತಡೆ ಕೊಟ್ಟಿದೆ. ಆದರೆ ಸತ್ತವರ ವಿಷಯ ಇಷ್ಟು ಸಲೀಸಲ್ಲ. ವ್ಯಕ್ತಿಯ ಹೆಸರು, ಚಹರೆಗಳ ಮೇಲಿನ ಇಂಥ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆ ಎಂದು ದೆಹಲಿ ಹೈಕೋರ್ಟ್ 2023ರಲ್ಲಿ, ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆಯ ಪ್ರಕರಣದಲ್ಲಿ ಹೇಳಿತ್ತು.

ಕಾನೂನು ಬರುವವರೆಗೆ ನಮ್ಮ ಕೈಯಲ್ಲಿರುವುದು ಹಳೆಯ ಗಾದೆಯೇ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಇಂಥದ್ದು ಬಂದಾಗ ನಾನು ಮನೆಯವರಿಗೆ ಮೂರು ವಿಷಯ ನೋಡಲು ಹೇಳಿದ್ದೇನೆ. ಇದನ್ನು ಮೊದಲು ಹಾಕಿದವರು ಯಾರು? ಅವರ ಮನೆಯವರು ಏನು ಹೇಳಿದ್ದಾರೆ? ಇದರಿಂದ ಕಾಸು ಯಾರಿಗೆ? ಕನ್ನಡ ಇದಕ್ಕೆ ನೆರವಾಗುತ್ತದೆ. "ಬಂದ" ಎಂದರೆ ನಾನು ಕಂಡೆ, "ಬಂದನಂತೆ" ಎಂದರೆ ಯಾರೋ ಹೇಳಿದರು. ಎರಡಕ್ಷರದ ಆ "ಅಂತೆ" ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ. ಅದನ್ನು ಮತ್ತೆ ಸೇರಿಸಿ ಓದಿದರೆ ಅರ್ಧ ಕೆಲಸ ಆದಂತೆ.

ನಾವು ಅಪ್ಪುವನ್ನು ಕಳಿಸಿಕೊಟ್ಟ ಬಗೆ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ ಬರೀ 46. ನಟ, ಚಿಕ್ಕಂದಿನಿಂದ ಹಾಡುಗಾರ. ಅಂತೆಕಂತೆಗೆ ಬೇಕಾದ ಎಲ್ಲವೂ ಇತ್ತು: ಚಿಕ್ಕ ವಯಸ್ಸು, ದಿಢೀರ್ ಸಾವು, ಹುಚ್ಚು ಅಭಿಮಾನ. ಆದರೆ ಕಂಠೀರವ ಕ್ರೀಡಾಂಗಣದಲ್ಲಿ ಲಕ್ಷಾಂತರ ಜನ ಮುಖ ನೋಡಿದರು, ಹೊರನಾಡಿನ ನಾವು ಟೀವಿಯಲ್ಲಿ ನೋಡಿ ಅತ್ತೆವು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕೊನೆಯ ದಿನಗಳ ಜೇಮ್ಸ್ ಚಿತ್ರಕ್ಕೆ ಮೊದಲು ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು. ಆಮೇಲೆ ತಂತ್ರಜ್ಞಾನದ ನೆರವಿನಿಂದ ಅಪ್ಪು ಅವರದೇ ದನಿ ಸೇರಿಸಿ ಮತ್ತೆ ತೆರೆಗೆ ತಂದರು. ಯಾರೂ ಅದನ್ನು ಗುಟ್ಟು ಮಾಡಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅಭಿಮಾನಿಗಳು ಇಂದಿಗೂ "ಅಪ್ಪು ಸತ್ತಿಲ್ಲ" ಎನ್ನುತ್ತಾರೆ, ಅದೇ ಬಾಯಲ್ಲಿ ಸಮಾಧಿಗೆ ಹೂವು ಒಯ್ಯುತ್ತಾರೆ. ಆ ಮಾತಿನ ಅರ್ಥ ಅವರಿಗೆ ಚೆನ್ನಾಗಿ ಗೊತ್ತು.

2027ರ ಆಗಸ್ಟ್ 16ಕ್ಕೆ ಎಲ್ವಿಸ್ ಸತ್ತು ಐವತ್ತು ವರ್ಷ. ಆಗ ಹೊಸ ಫೋಟೊ, ಹೊಸ ದನಿ, ಹೊಸ "ಸಾಕ್ಷ್ಯ" ಬರುವುದರಲ್ಲಿ ಅನುಮಾನವಿಲ್ಲ. ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು, ಆ ದಿನ ಆ ಮನೆಯಲ್ಲಿದ್ದ ಒಂಬತ್ತು ವರ್ಷದ ಹುಡುಗಿಯನ್ನು ಒಮ್ಮೆ ನೆನೆಯಿರಿ.